ಪಾಲ್ಡಿಸ್ಕಿ ಡೇ ಟೂರ್: ಜಲಪಾತ ಬಿಡಿ, ಊರು ನೋಡಿ

5ಕ್ಕೆ ಮೂರೂವರೆ ಸ್ಟಾರ್. ಆ ಮೂರೂವರೆಯೂ ಗೈಡ್‌ಗೆ, ಕಂಪನಿಗಲ್ಲ.

ಎಸ್ಟೋನಿಯಾದ ರಾಜಧಾನಿ ಟಾಲಿನ್‌ನಿಂದ ಪಶ್ಚಿಮಕ್ಕೆ ಐವತ್ತು ಕಿಲೋಮೀಟರ್ ಒಳಗೇ ಇರುವ ಪಾಲ್ಡಿಸ್ಕಿ ಸೋವಿಯತ್ ಕಾಲದಲ್ಲಿ ಮುಚ್ಚಿದ ಊರು. ಪರವಾನಗಿ ಇಲ್ಲದೆ ಎಸ್ಟೋನಿಯಾದವರನ್ನೇ ಒಳಗೆ ಬಿಡುತ್ತಿರಲಿಲ್ಲ. ಅದನ್ನು ತೋರಿಸುತ್ತೇವೆಂದು ತಲೆಗೆ 65 ಯೂರೊ ತೆಗೆದುಕೊಂಡು ಮೊದಲು ಕರೆದೊಯ್ದದ್ದು ಕೆಯ್ಲಾ ಜಲಪಾತಕ್ಕೆ. ಎತ್ತರ ಆರು ಮೀಟರ್. ಜೋಗ ನೋಡಿದವರನ್ನು ಅಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದರೆ ಏನು ಮಾಡಬೇಕು ಹೇಳಿ! 'ಊಟ ಸೇರಿದೆ' ಅಂದರೆ ಕಪ್ಪು ಬ್ರೆಡ್ಡು, ಬೆಣ್ಣೆ, ಬೀಟ್‌ರೂಟ್ ಸೂಪು. ನಾನು ಚಪಾತಿ-ಪಲ್ಯ ಕಟ್ಟಿಕೊಂಡಿದ್ದೆ, ಬಚಾವ್.

ಪಾಲ್ಡಿಸ್ಕಿಯಲ್ಲಿ ವ್ಯಾನ್ ಹತ್ತಿದ ಗೈಡ್ ಅದೇ ಊರಿನ ಹುಡುಗಿ, ಮನೆಮಾತು ರಷ್ಯನ್. ಟೂರ್ ಶುರುವಾದದ್ದೇ ಆಗ. ಎಸ್ಟೋನಿಯಾ 1991ರ ಆಗಸ್ಟ್ 20ರಂದೇ ಸ್ವತಂತ್ರವಾಯಿತು, ಆದರೆ ರಷ್ಯದ ಸೈನ್ಯ ಪೂರ್ತಿ ಜಾಗ ಖಾಲಿ ಮಾಡಲು ಇನ್ನೂ ಮೂರು ವರ್ಷ ಹಿಡಿಯಿತು. 1994ರ ಜುಲೈ 26ರಂದು ಮಾಸ್ಕೋದಲ್ಲಿ ಎಸ್ಟೋನಿಯಾದ ಅಧ್ಯಕ್ಷ ಲೆನ್ನಾರ್ಟ್ ಮೆರಿ ಮತ್ತು ರಷ್ಯದ ಅಧ್ಯಕ್ಷ ಬೋರಿಸ್ ಯೆಲ್ತ್ಸಿನ್ ಸೈನ್ಯ ವಾಪಸಾತಿ ಒಪ್ಪಂದಕ್ಕೆ ಸಹಿ ಹಾಕಿದರು. ಆಗಸ್ಟ್ 31ಕ್ಕೆ ಸೈನ್ಯ ಹೊರಟಿತು. ಬರ್ಲಿನ್‌ನಿಂದಲೂ ರಷ್ಯದ ಸೈನಿಕರು ಬೀಳ್ಕೊಂಡದ್ದು ಅದೇ ದಿನ. ನಿವೃತ್ತ ಸೈನಿಕರು ಇಲ್ಲೇ ಉಳಿಯಲು ಎಸ್ಟೋನಿಯಾ ಒಪ್ಪಬೇಕಾಯಿತು. ಹಾಗೆ ಉಳಿದ ನೌಕಾಪಡೆಯ ಪಿಂಚಣಿದಾರರಲ್ಲಿ ಗೈಡ್‌ನ ತಾತನೂ ಒಬ್ಬರು. ಇದನ್ನು ಆಕೆ ಕಣ್ಣೀರು-ಗಿಣ್ಣೀರು ಇಲ್ಲದೆ, ರೇಷನ್ ಕಾರ್ಡ್ ವಿಷಯ ಹೇಳಿದ ಹಾಗೆ ಹೇಳಿ ಮುಗಿಸಿದಳು.

ಆದರೆ ಸೈನ್ಯ ಹೋದ ಮೇಲೂ ಪಾಲ್ಡಿಸ್ಕಿಯಲ್ಲಿ ಎರಡು ಅಣು ರಿಯಾಕ್ಟರ್ ಉಳಿದಿದ್ದವು. ಅಣು ಜಲಾಂತರ್ಗಾಮಿ ನಡೆಸುವವರಿಗೆ ತರಬೇತಿ ಕೊಡಲು ನೆಲದ ಮೇಲೇ ಜಲಾಂತರ್ಗಾಮಿಯ ಒಡಲು ಕಟ್ಟಿ, ಅದರೊಳಗೆ ನಿಜವಾದ ರಿಯಾಕ್ಟರ್ ಕೂರಿಸಿದ್ದರಂತೆ. ಒಂದು 1968ರಲ್ಲಿ ಶುರುವಾದದ್ದು, ಇನ್ನೊಂದು 1983ರಲ್ಲಿ. ಎರಡೂ 1989ರಲ್ಲಿ ನಿಂತವು. ಅಪ್ಪ ಕೈಗಾದಲ್ಲಿ ದುಡಿದು ನಿವೃತ್ತರಾದವರು, ಅಲ್ಲಿಯವರೆಗೆ ಕಿಟಕಿಗೆ ತಲೆಯಿಟ್ಟು ತೂಕಡಿಸುತ್ತಿದ್ದರು, ಎದ್ದು ಕೂತರು. "ಇಂಧನ ತೆಗೆದುಕೊಂಡು ಹೋದರೆ ಆಯ್ತೇನಮ್ಮ? ರಿಯಾಕ್ಟರಿನ ಪಾತ್ರೆಯೇ ವಿಕಿರಣ ಸೂಸುತ್ತಲ್ಲ, ಅದನ್ನೇನು ಮಾಡಿದ್ರು ಕೇಳು." ಕೇಳಿದೆ. ಗೈಡ್ ತಡವರಿಸಲಿಲ್ಲ. ಇಂಧನ 1994ರಲ್ಲೇ ರಷ್ಯಕ್ಕೆ ಹೋಯಿತು. ಜಾಗ ಎಸ್ಟೋನಿಯಾದ ಕೈಗೆ ಬಂದದ್ದು 1995ರ ಸೆಪ್ಟೆಂಬರ್‌ನಲ್ಲಿ, ಅಂದರೆ ಸೈನ್ಯ ಹೋಗಿ ಒಂದು ವರ್ಷಕ್ಕೂ ಮೇಲೆ. ರಿಯಾಕ್ಟರ್ ಭಾಗಗಳನ್ನು ಕಾಂಕ್ರೀಟಿನಲ್ಲಿ ಮುಚ್ಚಿಟ್ಟಿದ್ದಾರೆ, ಬಿಚ್ಚಿ ತೆಗೆಯುವ ಗಡುವು 2040. ಅಪ್ಪ "ಸರಿ ಇದೆ, ಅವಸರ ಮಾಡಬಾರದು" ಅಂತ ತಲೆಯಾಡಿಸಿದರು. ಒಳಗೆ ಬಿಡಲ್ಲ, ದೂರದಿಂದಲೇ ನೋಡಬೇಕು. ಇದನ್ನು ವೆಬ್‌ಸೈಟ್‌ನಲ್ಲಿ ಬರೆಯದೆ 'ರಿಯಾಕ್ಟರ್ ಭೇಟಿ' ಅಂತ ಹಾಕಿರುವುದು ತಪ್ಪು.

ಅಪ್ಪ ಇನ್ನೊಂದು ಪ್ರಶ್ನೆ ಬಿಟ್ಟರು: ಎಸ್ಟೋನಿಯಾದ ತಾಪಾ ಊರಿನಲ್ಲಿ ಈಗ ಬ್ರಿಟಿಷ್ ಸೈನಿಕರಿದ್ದಾರಲ್ಲ, ಅವರೂ ಹೊರಗಿನವರೇ ತಾನೇ? ನನಗೆ ಮುಜುಗರ. ಗೈಡ್ ನಕ್ಕು, "ಅವರನ್ನು ನಾವೇ ಕರೆದದ್ದು. ನಮ್ಮ ತಾತನ ಮುಂದೆ ಮಾತ್ರ ಈ ಪ್ರಶ್ನೆ ಎತ್ತಬೇಡಿ, ರಾತ್ರಿ ಊಟ ತಡವಾಗುತ್ತೆ" ಅಂದಳು.

ಹೋಗುವವರಿಗೆ: ಪ್ಯಾಕೇಜ್ ಬೇಡ. ಟಾಲಿನ್‌ನ ಬಾಲ್ಟಿ ಯಾಮ್ ಸ್ಟೇಷನ್ನಿನಿಂದ ಪಾಲ್ಡಿಸ್ಕಿಗೆ ನೇರ ರೈಲಿದೆ, ಒಂದು ಗಂಟೆ ಚಿಲ್ಲರೆ. ಊರಿನ ಗೈಡ್ ಒಬ್ಬರನ್ನು ಮೊದಲೇ ಮಾತಾಡಿಕೊಳ್ಳಿ, ರಷ್ಯದ ಪೀಟರ್ ದೊರೆ ಶುರುಮಾಡಿಸಿದ ಕೋಟೆಯ ಕಂದಕವನ್ನೂ ನೋಡಬಹುದು. ಪಾಕ್ರಿ ದೀಪಸ್ತಂಭದ ಹತ್ತಿರ ಸುಣ್ಣಕಲ್ಲಿನ ಕಡಿದಾದ ಅಂಚಿದೆ, ಮಕ್ಕಳ ಕೈ ಬಿಡಬೇಡಿ. ಬೇಸಿಗೆಯಲ್ಲೂ ಜಾಕೆಟ್ ಇರಲಿ, ಅಲ್ಲಿನ ಗಾಳಿಗೆ ಅಪ್ಪನ ಮಂಕಿ ಕ್ಯಾಪೂ ಸಾಲಲಿಲ್ಲ.