ನಾಲ್ಕು ವರ್ಷದ ಕ್ಯಾಮೆರಾ, ಒಂದು ನೇರಳೆ ಪಟ್ಟಿ

ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಈ ಡಿಎಸ್‌ಎಲ್‌ಆರ್ ನನ್ನ ಕೈಗೆ ಬಂದು ನಾಲ್ಕು ವರ್ಷವಾಯಿತು. ಹಗಲಿನ ಚಿತ್ರಗಳ ಬಗ್ಗೆ ತಕರಾರಿಲ್ಲ. ಹಿಡಿಕೆಯ ರಬ್ಬರ್ ಎದ್ದು ಬಂದಿತ್ತು, ಅಂಟಿಸಿಕೊಂಡಿದ್ದೇನೆ. ಹೇಳಬೇಕಾದದ್ದೆಲ್ಲ ರಾತ್ರಿಯದು.

ಚಾಮುಂಡಿ ಬೆಟ್ಟದ ರಸ್ತೆಯಂಚಿನಲ್ಲಿ ಟ್ರೈಪಾಡ್ ನಿಲ್ಲಿಸಿ, ವಾಹನಗಳ ದೀಪ ಗೆರೆಯಾಗಿ ಬರಲೆಂದು ಲೆನ್ಸಿಗೆ ಬೆಳಕು ತಗ್ಗಿಸುವ ಕಪ್ಪು ಎನ್‌ಡಿ ಫಿಲ್ಟರ್ ಹಾಕಿ, ಮೈಸೂರನ್ನು ನಾಲ್ಕು ನಿಮಿಷದ ಎಕ್ಸ್‌ಪೋಷರ್‌ನಲ್ಲಿ ತೆಗೆದಾಗಲೆಲ್ಲ ಚಿತ್ರದ ಅಂಚಿನಲ್ಲಿ ಮಸುಕಾದ ನೇರಳೆ ಪಟ್ಟಿ ಬರುತ್ತಿತ್ತು. ಒಂದು ದಿನ ದಪ್ಪ, ಇನ್ನೊಂದು ದಿನ ತೆಳು. ರಿಪೇರಿಯವರು ನೋಡಿದ ಕೂಡಲೇ ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಹೋಗಿದೆ ಎಂದರು. ಅವರು ಕೇಳಿದ ದುಡ್ಡಿಗೆ ಇಂಥದ್ದೇ ಇನ್ನೊಂದು ಹಳೆಯ ಕ್ಯಾಮೆರಾ ಬರುತ್ತಿತ್ತು. ಸೆನ್ಸರ್ ಹೋಗಿದ್ದರೆ ತೊಣ್ಣೂರು ಕೆರೆಯ ದಂಡೆಯಲ್ಲಿ ತೆಗೆದ ನಕ್ಷತ್ರಗಳ ಚಿತ್ರದಲ್ಲಿ ಪಟ್ಟಿ ಏಕಿಲ್ಲ ಎಂದು ಕೇಳಿದೆ. ಉತ್ತರ ಬರಲಿಲ್ಲ.

ಕೆರೆಯ ದಂಡೆಯಲ್ಲಿ ನನ್ನ ಬೆನ್ನಿಗೆ ಕತ್ತಲಿತ್ತು, ಬೆಟ್ಟದಲ್ಲಿ ಬೀದಿದೀಪ. ಇದು ಹೊಳೆಯಲು ಎರಡು ತಿಂಗಳು ಬೇಕಾಯಿತು. ಮನೆಯಲ್ಲಿ ಲೆನ್ಸಿಗೆ ಮುಚ್ಚಳ ಹಾಕಿ, ಕೋಣೆಯ ದೀಪ ಆರಿಸಿ ನಾಲ್ಕು ನಿಮಿಷ ತೆಗೆದೆ: ಪೂರಾ ಕಪ್ಪು. ಮುಚ್ಚಳ ತೆಗೆಯದೆ ವ್ಯೂಫೈಂಡರ್‌ಗೆ ಟಾರ್ಚ್ ಹಿಡಿದು ಮತ್ತೊಮ್ಮೆ ತೆಗೆದೆ: ಅದೇ ನೇರಳೆ ಪಟ್ಟಿ! ಕಣ್ಣಿಟ್ಟು ತೆಗೆಯುವಾಗ ನಮ್ಮ ಮುಖವೇ ಆ ಕಿಂಡಿಯನ್ನು ಮುಚ್ಚಿರುತ್ತದೆ. ರಿಮೋಟ್ ಒತ್ತಿ ದೂರ ನಿಂತರೆ ಹಿಂದಿನ ಬೆಳಕು ಅಲ್ಲಿಂದ ನುಗ್ಗಿ, ಚಿತ್ರ ತೆಗೆಯುವಾಗ ಮೇಲೇಳುವ ಒಳಗಿನ ಕನ್ನಡಿಯ ಅಂಚಿನಲ್ಲಿ ನುಸುಳಿ ಸೆನ್ಸರ್ ಸೇರುತ್ತದೆ. ಎನ್‌ಡಿ ಫಿಲ್ಟರ್ ಮುಂದಿನ ಬೆಳಕನ್ನಷ್ಟೇ ತಡೆಯುವುದರಿಂದ ಹಿಂದಿನ ಸೋರಿಕೆ ಇನ್ನೂ ಎದ್ದು ಕಾಣುತ್ತದೆ. ಕಿಂಡಿ ಮುಚ್ಚುವ ರಬ್ಬರ್ ತುಂಡು ನಾಲ್ಕು ವರ್ಷವೂ ಕುತ್ತಿಗೆಯ ಪಟ್ಟಿಯಲ್ಲೇ ನೇತಾಡುತ್ತಿತ್ತು. ಅದೇನೆಂದು ಕೇಳಿದವರಿಗೆ ನಾನು ಅಲಂಕಾರ ಎಂದಿದ್ದೆ.

ಅರಮನೆಯ ದೀಪಾಲಂಕಾರದ ಕಥೆ ಬೇರೆ. ಸುಮಾರು ಒಂದು ಲಕ್ಷ ಬಲ್ಬು ಹೊತ್ತಿಕೊಂಡ ಭಾನುವಾರ, ಕಪ್ಪು ಆಕಾಶದಲ್ಲಿ ಹಸಿರು ಚುಕ್ಕಿಗಳ ತಲೆಕೆಳಗಾದ ಇನ್ನೊಂದು ಅರಮನೆ! ಚಿತ್ರದ ನಡುಬಿಂದುವಿನ ಆಚೆ, ನಿಜವಾದ ದೀಪಕ್ಕೆ ಸರಿಯಾಗಿ ಎದುರುಬದುರಾಗಿ ಚುಕ್ಕಿ ಬಿದ್ದರೆ ಅದು ಯುವಿ ಫಿಲ್ಟರಿನ ಪ್ರತಿಫಲನ. ಬಿಚ್ಚಿಟ್ಟೆ, ಹೋಯಿತು. ಲೆನ್ಸ್ ಕಾಯುತ್ತದೆಂದು ಅಂಗಡಿಯವರು ಮಾರುವ ಆ ಗಾಜನ್ನು ರಾತ್ರಿ ಹೊತ್ತು ಚೀಲದಲ್ಲೇ ಇಡುತ್ತೇನೆ.

ಕ್ಯಾಮೆರಾದ್ದೇ ದೋಷವೆನ್ನಬಹುದಾದದ್ದು ಹಾಟ್ ಪಿಕ್ಸೆಲ್ ಒಂದೇ: ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಕೆಂಪು, ನೀಲಿ ಚುಕ್ಕಿಗಳು. ಏಪ್ರಿಲ್ ಸೆಕೆಯಲ್ಲಿ ಹೆಚ್ಚು, ಡಿಸೆಂಬರ್ ಚಳಿಯಲ್ಲಿ ಕಡಿಮೆ. ಕ್ಯಾಮೆರಾದೊಳಗಿನ ನಾಯ್ಸ್ ರಿಡಕ್ಷನ್ ಇವನ್ನು ಅಳಿಸುತ್ತದೆ, ಆದರೆ ಅದೇ ಅವಧಿಯ ಕಪ್ಪು ಚಿತ್ರವೊಂದನ್ನು ತೆಗೆದು ಕಳೆಯುವುದರಿಂದ ನಾಲ್ಕು ನಿಮಿಷಕ್ಕೆ ಎಂಟು ನಿಮಿಷ ಕಾಯಬೇಕು. ಒಂದರ ಹಿಂದೊಂದು ಚಿತ್ರ ಜೋಡಿಸಿ ನಕ್ಷತ್ರಪಥ, ಅಂದರೆ ನಕ್ಷತ್ರ ಸಾಗಿದ ಗೆರೆ, ತೆಗೆಯುವವರು ಅದನ್ನು ಆಫ್ ಮಾಡಿಡಿ, ಇಲ್ಲದಿದ್ದರೆ ಗೆರೆ ತುಂಡುತುಂಡಾಗುತ್ತದೆ. ಕೊನೆಗೆ ಮುಚ್ಚಳ ಹಾಕಿ ಕೆಲವು ಚಿತ್ರ ತೆಗೆದುಕೊಂಡು ಕಂಪ್ಯೂಟರ್‌ನಲ್ಲಿ ಕಳೆಯುವುದು ಮೇಲು.

ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಕೈಪಿಡಿಗೆ: ರಬ್ಬರ್ ತುಂಡಿನ ವಿಷಯವನ್ನು ಒಂದೇ ಸಾಲಿನಲ್ಲಿ, ಅದೂ ಸೆಲ್ಫ್ ಟೈಮರಿನ ಪುಟದಲ್ಲಿ ಬಚ್ಚಿಟ್ಟಿದ್ದಾರೆ.