‘ಮೇಲ್ ಹೋಗಿದೆ’ ಅಂದರೆ ಎಲ್ಲಿಗೆ ಹೋಗಿದೆ? ನೋಟಿಫಿಕೇಶನ್ ಆಡಿಟ್ ಟ್ರೇಲ್‌ಗೆ ನಾನು ಬಳಸಿ ನೋಡಿದ ನಾಲ್ಕು ದಾರಿಗಳು

ಒಂದು ಬಿಲ್‌ಗೆ ಅಪ್ರೂವಲ್ ಸಿಗುವುದು ತಡವಾಗಿತ್ತು. ಸಿಸ್ಟಂನಲ್ಲಿ ನೋಡಿದರೆ ಮೂರು ರಿಮೈಂಡರ್, ಮೂರರ ಮುಂದೆಯೂ ಹಸಿರು ಟಿಕ್. ಅಪ್ರೂವ್ ಮಾಡಬೇಕಿದ್ದ ಸಹೋದ್ಯೋಗಿ ‘ನನಗೆ ಒಂದೂ ಬಂದಿಲ್ಲ’ ಎಂದರು. ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ.

ಎರಡು ದಿನ ಹುಡುಕಿದ ಮೇಲೆ ಅವರು ಹೇಳಿದ್ದೇ ನಿಜ ಅಂತ ಗೊತ್ತಾಯಿತು. ಹಿಂದೊಮ್ಮೆ ಅವರಿಗೆ ಹೋದ ಒಂದು ಮೇಲ್ ಬೌನ್ಸ್ ಆಗಿತ್ತು, ಅಂದರೆ ತಲುಪದೆ ವಾಪಸ್ ಬಂದಿತ್ತು. ಅವತ್ತಿನಿಂದ ಮೇಲ್ ಕಳಿಸುವ ಸೇವೆ ಅವರ ವಿಳಾಸವನ್ನು ಬ್ಲಾಕ್ ಲಿಸ್ಟ್‌ನಲ್ಲಿ ಇಟ್ಟುಬಿಟ್ಟಿತ್ತು. ನಾವು ಕಳಿಸಿದಾಗಲೆಲ್ಲ ಅದು 202 ಅಂತ ಉತ್ತರ ಕೊಡುತ್ತಿತ್ತು. ಅಂದರೆ ‘ನಿಮ್ಮ ಕೋರಿಕೆ ತಗೊಂಡೆ’ ಅಂತ ಅಷ್ಟೇ. ಅದನ್ನೇ ನಾವು ‘ತಲುಪಿದೆ’ ಅಂತ ಓದಿ ಟಿಕ್ ಹಾಕುತ್ತಿದ್ದೆವು. ಆಮೇಲೆ ಮೇಲ್ ಅಲ್ಲೇ ಬಿದ್ದುಹೋಗುತ್ತಿತ್ತು. ಒಬ್ಬರ ಮಾತನ್ನು ಸುಳ್ಳು ಮಾಡಿದ್ದು ನಮ್ಮದೇ ಟಿಕ್. ಆ ಬೇಸರದಲ್ಲೇ ನಾನು ಆಡಿಟ್ ಟ್ರೇಲ್ ಕೆಲಸ ಕೈಗೆತ್ತಿಕೊಂಡೆ, ಅಂದರೆ ಯಾವ ನೋಟಿಫಿಕೇಶನ್‌ಗೆ ಏನಾಯಿತು ಅಂತ ಆಮೇಲೆ ನೋಡಬಹುದಾದ ದಾಖಲೆ.

ಆಗ ನಮ್ಮ ಹತ್ತಿರ ಇದ್ದದ್ದು ಸರ್ವರ್ ಲಾಗ್ ಮಾತ್ರ, ಸರ್ವರ್ ಏನು ಮಾಡಿತು ಅಂತ ಸಾಲುಸಾಲಾಗಿ ಬರೆದಿಡುವ ಫೈಲ್. ಖರ್ಚಿಲ್ಲ, ತಾನಾಗಿಯೇ ಬರೆಯುತ್ತದೆ, ಡೆವಲಪರ್‌ಗೆ ಹುಡುಕುವುದೂ ಸುಲಭ. ಆದರೆ ಲಿನಕ್ಸ್‌ನಲ್ಲಿ ಹಳೆಯ ಲಾಗ್ ತೆಗೆಯುವ ಲಾಗ್‌ರೊಟೇಟ್ ಸಾಮಾನ್ಯವಾಗಿ ವಾರಕ್ಕೊಮ್ಮೆ ಹೊಸ ಫೈಲ್ ಶುರು ಮಾಡಿ, ನಾಲ್ಕು ಹಳೆಯ ಫೈಲ್ ಮಾತ್ರ ಉಳಿಸುತ್ತದೆ. ‘ನನಗೆ ಬರಲಿಲ್ಲ’ ಅನ್ನುವ ದೂರು ಬರುವುದು ಎರಡು ಮೂರು ತಿಂಗಳಾದ ಮೇಲೆ. ಅಷ್ಟರಲ್ಲಿ ಫೈಲ್ ಇರುವುದಿಲ್ಲ. ನಮ್ಮ ಕೋಡ್‌ನಲ್ಲಿ ಇನ್ನೊಂದು ತಪ್ಪಿತ್ತು: ‘ಮೇಲ್ ಕಳಿಸಿದೆ’ ಅನ್ನುವ ಸಾಲು ಕಳಿಸುವ ಮೊದಲೇ ಬರೆಯುತ್ತಿತ್ತು! ದೋಷ ಹುಡುಕಲು ಲಾಗ್ ಇರಲಿ. ಸಾಕ್ಷಿಗೆ ಅದು ಸಾಲದು.

ಎರಡನೆಯದು ಬಿಸಿಸಿ, ಅಂದರೆ ಬೇರೆಯವರಿಗೆ ಕಾಣದಂತೆ ಕಳಿಸುವ ಪ್ರತಿ. ಪ್ರತಿ ಮೇಲ್‌ನ ಒಂದು ಪ್ರತಿ ಒಂದು ಆರ್ಕೈವ್ ಮೇಲ್‌ಬಾಕ್ಸ್‌ಗೆ. ಲೆಕ್ಕಪತ್ರದವರಿಗೆ ಇದು ತುಂಬಾ ಇಷ್ಟವಾಯಿತು, ಏಕೆಂದರೆ ಹೋದ ಮೇಲ್ ಹೇಗಿತ್ತೋ ಹಾಗೇ ಕಣ್ಣೆದುರು ಇರುತ್ತದೆ. ನಾನೊಂದು ಪರೀಕ್ಷೆ ಮಾಡಿದೆ. ಬ್ಲಾಕ್ ಆದ ವಿಳಾಸಕ್ಕೆ ರಿಮೈಂಡರ್ ಕಳಿಸಿದೆ. ಅವರಿಗೆ ಬರಲಿಲ್ಲ, ಆರ್ಕೈವ್‌ಗೆ ಮಾತ್ರ ಚೆನ್ನಾಗಿ ಬಂತು. ಮೇಲ್ ವ್ಯವಸ್ಥೆಯಲ್ಲಿ ಪ್ರತಿ ವಿಳಾಸದ ದಾರಿ ಬೇರೆ. ಒಬ್ಬರಿಗೆ ತಲುಪಿದ್ದು ಇನ್ನೊಬ್ಬರ ಬಗ್ಗೆ ಏನೂ ಹೇಳುವುದಿಲ್ಲ. ಸಾಲದ್ದಕ್ಕೆ ಪಾಸ್‌ವರ್ಡ್ ಬದಲಿಸುವ ಲಿಂಕ್‌ಗಳೂ ಆ ಮೇಲ್‌ಬಾಕ್ಸ್‌ನಲ್ಲಿ ಬಂದು ಕೂತವು. ಅದೇ ದಿನ ನಿಲ್ಲಿಸಿದೆ.

ಮೂರನೆಯದು ಮೇಲ್ ಸೇವೆಯೇ ಕೊಡುವ ಮಾಹಿತಿ. ಪ್ರತಿ ಮೇಲ್‌ಗೂ ಏನಾಯಿತು ಅಂತ ವೆಬ್‌ಹುಕ್ ಮೂಲಕ, ಅಂದರೆ ನಮ್ಮ ಸರ್ವರ್‌ಗೆ ತಾನಾಗಿಯೇ ಸುದ್ದಿ ಕಳಿಸಿ, ತಿಳಿಸುತ್ತದೆ: ತಲುಪಿತು, ಬೌನ್ಸ್ ಆಯಿತು, ಬ್ಲಾಕ್ ಇದ್ದದ್ದರಿಂದ ಬಿಟ್ಟೆ. ಇದು ಮೊದಲೇ ಇದ್ದಿದ್ದರೆ ನಮ್ಮ ಸಹೋದ್ಯೋಗಿಯ ವಿಷಯ ಐದು ನಿಮಿಷದಲ್ಲಿ ಬಗೆಹರಿಯುತ್ತಿತ್ತು. ಹುಷಾರಾಗಿರಬೇಕಾದ ಸಂಗತಿಗಳೂ ಇವೆ. ಸುದ್ದಿಗಳು ಹಿಂದುಮುಂದಾಗಿ ಬರಬಹುದು, ಒಂದೇ ಸುದ್ದಿ ಎರಡು ಸಲ ಬರಬಹುದು. ಬಂದದ್ದು ನಿಜವಾಗಿ ಆ ಸೇವೆಯಿಂದಲೇ ಅಂತ ಡಿಜಿಟಲ್ ಸಹಿ ಪರೀಕ್ಷಿಸದಿದ್ದರೆ ಯಾರು ಬೇಕಾದರೂ ನಿಮ್ಮ ದಾಖಲೆಯಲ್ಲಿ ಬರೆಯಬಹುದು. ‘ತಲುಪಿತು’ ಅಂದರೂ ಎದುರಿನ ಸರ್ವರ್ 250 ಅಂತ ಒಪ್ಪಿಕೊಂಡಿತು ಅಂತ ಅರ್ಥ. ಸ್ಪ್ಯಾಮ್‌ಗೆ ಹೋಯಿತೋ ಇನ್‌ಬಾಕ್ಸ್‌ಗೆ ಹೋಯಿತೋ ಅದು ಹೇಳುವುದಿಲ್ಲ.

‘ತೆರೆದರು’ ಅನ್ನುವ ಸುದ್ದಿಯನ್ನು ಮಾತ್ರ ನಾನು ಪೂರ್ತಿ ತೆಗೆದುಹಾಕಿದೆ. ಅದು ಮೇಲ್‌ನೊಳಗಿನ ಒಂದು ಚಿಕ್ಕ ಚಿತ್ರ ಲೋಡ್ ಆಯಿತೇ ಅನ್ನುವುದರ ಮೇಲೆ ನಿಂತಿದೆ. 2021ರಲ್ಲಿ ಆಪಲ್ ಮೇಲ್‌ಗೆ ಬಂದ ಪ್ರೈವೆಸಿ ಸೌಲಭ್ಯ ಆನ್ ಇದ್ದರೆ, ಓದುವವರು ಮುಟ್ಟದಿದ್ದರೂ ಚಿತ್ರ ಲೋಡ್ ಆಗಿಬಿಡುತ್ತದೆ. ಇದನ್ನು ನಂಬಿ ‘ನೀವು ಓದಿದ್ದೀರಲ್ವಾ’ ಅಂತ ಯಾರನ್ನೂ ಕೇಳಬಾರದು.

ಇಷ್ಟಾದರೂ ಒಂದು ಪ್ರಶ್ನೆಗೆ ಮೂರನೆಯ ದಾರಿಯಲ್ಲೂ ಉತ್ತರವಿರಲಿಲ್ಲ. ಸಿಸ್ಟಂ ಕಳಿಸುವುದೇ ಬೇಡ ಅಂತ ತೀರ್ಮಾನಿಸಿದ ಮೇಲ್‌ಗಳ ಗತಿ ಏನು? ಅವು ಆ ಸೇವೆಯ ಬಾಗಿಲಿಗೇ ಹೋಗಿರುವುದಿಲ್ಲ. ದೂರುಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ನಮ್ಮಲ್ಲಿ ಹೆಚ್ಚಿನವು ಇಂಥವೇ. ಗುಂಪಿನಿಂದ ಹೆಸರು ಬಿಟ್ಟುಹೋಗಿತ್ತು, ರಜೆ ಅಂತ ಗುರುತಾಗಿತ್ತು, ಯಾರೋ ನಿಯಮ ಬದಲಿಸಿದ್ದರು.

ಹಾಗಾಗಿ ನಾಲ್ಕನೆಯದು, ನಮ್ಮದೇ ಡೇಟಾಬೇಸ್‌ನಲ್ಲಿ ಒಂದು ಟೇಬಲ್. ಮೊದಲ ಸಲ ನಾನೇ ತಪ್ಪು ಮಾಡಿದೆ. ಪ್ರತಿ ನೋಟಿಫಿಕೇಶನ್‌ಗೆ ಒಂದು ಸಾಲು, ಅದರಲ್ಲಿ ಒಂದು ಸ್ಟೇಟಸ್. ಎರಡು ಸಲ ವಿಫಲವಾಗಿ ಮೂರನೇ ಸಲ ಹೋದರೆ ‘ಹೋಗಿದೆ’ ಅಂತ ಮಾತ್ರ ಉಳಿಯುತ್ತಿತ್ತು, ತಡವಾದ ಎರಡು ಗಂಟೆ ಅಳಿಸಿಹೋಗುತ್ತಿತ್ತು. ಈಗ ಏನೇ ನಡೆದರೂ ಹೊಸ ಸಾಲು. ಹಳೆಯದನ್ನು ತಿದ್ದುವ, ಅಳಿಸುವ ಅನುಮತಿಯನ್ನು ಡೇಟಾಬೇಸ್‌ನಲ್ಲಿ ಆಪ್‌ಗೇ ಕೊಟ್ಟಿಲ್ಲ. ಬಿಲ್ ಸೇವ್ ಆಗುವ ಟ್ರಾನ್ಸಾಕ್ಷನ್‌ನಲ್ಲೇ ಮೊದಲ ಸಾಲೂ ಬೀಳುತ್ತದೆ, ಅಂದರೆ ಎರಡೂ ಆಗಬೇಕು ಇಲ್ಲವೇ ಒಂದೂ ಆಗಬಾರದು. ಇಲ್ಲದಿದ್ದರೆ ಸರ್ವರ್ ಮಧ್ಯೆ ನಿಂತಾಗ ಬಿಲ್ ಉಳಿದು ನೋಟಿಫಿಕೇಶನ್ ಕಾಣೆಯಾಗುತ್ತದೆ.

ಒಂದು ಬೆಳಿಗ್ಗೆಯ ದಾಖಲೆ ಹೀಗಿರುತ್ತದೆ:

9:00:02 ನಿಯಮ 14, ಆವೃತ್ತಿ 3 ಓಡಿತು. ಅಪ್ರೂವರ್ ಗುಂಪಿನಲ್ಲಿ ಈಗ 2 ಜನ.
9:00:02 ಮೊದಲನೆಯವರಿಗೆ ಕಳಿಸಿಲ್ಲ. ಕಾರಣ: ರಜೆ.
9:00:03 ಎರಡನೆಯವರಿಗೆ ಕ್ಯೂನಲ್ಲಿ ಹಾಕಿದೆ.
9:00:05 ಮೇಲ್ ಸೇವೆ ತಗೊಂಡಿತು.
9:00:41 ಎದುರಿನ ಸರ್ವರ್ ಒಪ್ಪಿಕೊಂಡಿತು.

ಎರಡನೇ ಸಾಲು ನೋಡಿ. ನನ್ನ ಮಟ್ಟಿಗೆ ಇಡೀ ಟೇಬಲ್‌ನಲ್ಲಿ ಅತಿ ಬೆಲೆಯುಳ್ಳದ್ದು ಅದು. ‘ಈಗ 2 ಜನ’ ಅನ್ನುವುದೂ ಅಷ್ಟೇ ಮುಖ್ಯ. ಗುಂಪಿನ ಹೆಸರು ಮಾತ್ರ ಬರೆದಿಟ್ಟರೆ ಆರು ತಿಂಗಳಾದ ಮೇಲೆ ಆ ಗುಂಪಿನಲ್ಲಿ ಬೇರೆಯವರು ಇರುತ್ತಾರೆ.

ಕೊನೆಯ ಸಾಲು ಬರುವುದು ವೆಬ್‌ಹುಕ್‌ನಿಂದಲೇ, ಹಾಗಾಗಿ ಮೂರು ಮತ್ತು ನಾಲ್ಕನ್ನು ಈಗ ಸೇರಿಸಿ ನಡೆಸುತ್ತಿದ್ದೇನೆ. ಚಾಟ್‌ಗೂ ಇದೇ ಕ್ರಮ. ಸ್ಲ್ಯಾಕ್ ಅನ್ನುವ ತಂಡದ ಚಾಟ್ ಆಪ್‌ನಲ್ಲಿ ಇನ್‌ಕಮಿಂಗ್ ವೆಬ್‌ಹುಕ್ (ನಾವು ಮೆಸೇಜ್ ಕಳಿಸಲು ಅದು ಕೊಡುವ ವಿಳಾಸ) ಬಳಸಿದರೆ ‘ಓಕೆ’ ಅಂತ ಮಾತ್ರ ಉತ್ತರ. ಬಾಟ್ ಮೂಲಕ ಅದರ ಎಪಿಐ (ಪ್ರೋಗ್ರಾಂಗಳು ನೇರವಾಗಿ ಮಾತಾಡುವ ದಾರಿ) ಕರೆದರೆ ಆ ಮೆಸೇಜ್‌ನ ಗುರುತು ಸಿಗುತ್ತದೆ, ಅದನ್ನು ದಾಖಲೆಗೆ ಜೋಡಿಸಬಹುದು. ಮೇಲ್‌ನ ಪೂರ್ತಿ ಪಠ್ಯ ಇಡುವುದಿಲ್ಲ, ಟೆಂಪ್ಲೇಟ್ ಆವೃತ್ತಿ ಮತ್ತು ತುಂಬಿದ ವಿವರ ಸಾಕು. ಓಟಿಪಿ, ಪಾಸ್‌ವರ್ಡ್ ಲಿಂಕ್ ಅಂಥವು ಈ ಟೇಬಲ್‌ಗೆ ಬರಲೇಬಾರದು.

ಕೆಲಸ ಜಾಸ್ತಿ, ನಿಜ. ತಂಡದಲ್ಲಿ ಒಬ್ಬರೇ ಡೆವಲಪರ್ ಇದ್ದರೆ ವೆಬ್‌ಹುಕ್‌ನಿಂದ ಶುರು ಮಾಡಿ, ‘ಕಳಿಸಿಲ್ಲ, ಕಾರಣ ಇದು’ ಅನ್ನುವ ಸಾಲನ್ನು ಮಾತ್ರ ನಿಮ್ಮ ಕಡೆ ಬರೆದಿಟ್ಟುಕೊಳ್ಳಿ.

ಕೊನೆಯದಾಗಿ ಸೇರಿಸಿದ್ದು ಒಂದು ಪುಟ್ಟ ಪುಟ: ‘ನನಗೆ ಯಾಕೆ ಬರಲಿಲ್ಲ?’ ತಮ್ಮ ಹೆಸರಿನ ಸಾಲುಗಳನ್ನು ಯಾರು ಬೇಕಾದರೂ ಅಲ್ಲೇ ನೋಡಬಹುದು, ನನ್ನನ್ನು ಕೇಳಬೇಕಿಲ್ಲ. ಮೊದಲು ತೋರಿಸಿದ್ದು ಆ ಸಹೋದ್ಯೋಗಿಗೆ. ಅವರು ಏನೂ ಹೇಳದೆ ಆ ಮೂರು ರಿಮೈಂಡರ್‌ಗಳ ತಾರೀಖು ಹುಡುಕಿದರು. ಅಷ್ಟು ಹಳೆಯ ದಾಖಲೆ ಅದರಲ್ಲಿ ಇರಲಿಲ್ಲ. ಮೇಲ್ ಸೇವೆಯಿಂದ ಆಗ ತೆಗೆದಿಟ್ಟಿದ್ದ ವಿವರವನ್ನು ಅವತ್ತೇ ಕೂತು, ‘ಹಳೆಯ ದಾಖಲೆಯಿಂದ’ ಅಂತ ಗುರುತು ಹಾಕಿ, ಅವರ ಹೆಸರಿನ ಮುಂದೆ ಸೇರಿಸಿದೆ.