ಸಂಶೋಧನಾ ಲೇಖನ ಹುಡುಕುವವರಿಗೆ ಗೂಗಲ್ ಸ್ಕಾಲರ್ ಎಷ್ಟು ಸಾಕು?

ಶಿವಮೊಗ್ಗದಲ್ಲಿ ಸಂಶೋಧನಾ ಲೇಖನ ಹುಡುಕುವವರು ಒಂದೇ ಬಗೆಯವರಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡ ಭೌತಶಾಸ್ತ್ರದ ಅಭ್ಯರ್ಥಿ, ಕೊನೆಯ ವರ್ಷದ ಪ್ರಾಜೆಕ್ಟ್ ವರದಿಗೆ ಆಧಾರ ಬೇಕಾದ ಎಂಜಿನಿಯರಿಂಗ್ ವಿದ್ಯಾರ್ಥಿ, ಕಿರುಸಂಶೋಧನೆ ಒಪ್ಪಿಸಬೇಕಾದ ಬಿ.ಎಡ್. ಪ್ರಶಿಕ್ಷಣಾರ್ಥಿ, ತನ್ನ ಕಬಡ್ಡಿ ತಂಡದ ಹುಡುಗರಿಗೆ ಪಾದದ ಗಂಟು ಪದೇ ಪದೇ ಉಳುಕುವುದೇಕೆಂದು ತಿಳಿಯಬಯಸುವ ದೈಹಿಕ ಶಿಕ್ಷಣ ಶಿಕ್ಷಕ, ಇವರೆಲ್ಲರೂ ಮೊದಲು ತೆರೆಯುವುದು ಗೂಗಲ್ ಸ್ಕಾಲರ್ ಪುಟವನ್ನೇ. ಬಹುತೇಕರು ಅಲ್ಲಿಗೇ ನಿಲ್ಲುತ್ತಾರೆ. ಹೀಗೆ ನಿಲ್ಲುವುದು ಯಾವ ವಿಷಯದವರಿಗೆ ಎಷ್ಟು ನಷ್ಟವನ್ನುಂಟುಮಾಡುತ್ತದೆ ಎಂಬುದನ್ನು, ಆಯಾ ವಿಷಯಕ್ಕೇ ಮೀಸಲಾದ ಇತರ ಉಚಿತ ಸೇವೆಗಳ ಪಕ್ಕದಲ್ಲಿಟ್ಟು ನೋಡುವುದು ಈ ವಿಮರ್ಶೆಯ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಲೇಖನವೊಂದು ಇದೆಯೇ, ಅದರ ಪ್ರತಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗಳಿಗೆ ಸ್ಕಾಲರ್‌ಗಿಂತ ಒಳ್ಳೆಯ ಉಚಿತ ಸೇವೆ ಇಲ್ಲ, ಆದರೆ ಆ ಲೇಖನವನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ, ಮತ್ತು ಈ ಕೊರತೆಯ ಬೆಲೆ ವಿಷಯದಿಂದ ವಿಷಯಕ್ಕೆ ಬೇರೆಯಾಗುತ್ತದೆ.

ಸ್ಕಾಲರ್ ಆರಂಭವಾದದ್ದು 2004ರ ನವೆಂಬರ್‌ನಲ್ಲಿ. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಅನುರಾಗ್ ಆಚಾರ್ಯ ಖರಗಪುರದ ಐಐಟಿಯಲ್ಲಿ ಓದಿದವರು. ಹಣ ಕೊಡಬೇಕಿಲ್ಲ, ಖಾತೆ ತೆರೆಯಲೇಬೇಕೆಂಬ ನಿರ್ಬಂಧವೂ ಇಲ್ಲ. ಅದರ ನಿಜವಾದ ಉಪಕಾರ ಇರುವುದು ಶೀರ್ಷಿಕೆಯ ಬಲಬದಿಯಲ್ಲಿ ಕಾಣುವ ಪಿಡಿಎಫ್ ಕೊಂಡಿಯಲ್ಲಿ ಮತ್ತು ಅದೇ ಲೇಖನದ ಬೇರೆ ಪ್ರತಿಗಳನ್ನು ಒಟ್ಟಿಗೆ ತೋರಿಸುವ ಕೆಳಗಿನ ಕೊಂಡಿಯಲ್ಲಿ. ಪ್ರಕಾಶಕರ ಪುಟದಲ್ಲಿ ಹಣ ಕೇಳುವ ಲೇಖನವನ್ನೇ ಲೇಖಕರು ತಮ್ಮ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿರುವುದುಂಟು. ಆ ಪ್ರತಿಯನ್ನು ಸ್ಕಾಲರ್ ಹುಡುಕಿಕೊಡುತ್ತದೆ. ಒಂದು ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆಂದು ತೋರಿಸುವ ಪಟ್ಟಿಯೂ ಅಷ್ಟೇ ಉಪಯುಕ್ತ. ಹಳೆಯ ಲೇಖನವೊಂದನ್ನು ಹಿಡಿದು ಇಂದಿನವರೆಗೆ ನಡೆದುಬರಲು ಅದಕ್ಕಿಂತ ಸುಲಭವಾದ ದಾರಿ ಇನ್ನೊಂದಿಲ್ಲ.

ತೊಂದರೆ ಇರುವುದು ವಿಂಗಡಣೆಯಲ್ಲಿ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರ್ಪಡಿಸದೆ ಅಡಿಕೆಯನ್ನೆಲ್ಲ ಒಂದೇ ಗುಡ್ಡೆ ಹಾಕಿ ಹರಾಜಿಗಿಟ್ಟರೆ ಶಿವಮೊಗ್ಗದ ಮಂಡಿಯಲ್ಲಿ ಯಾರೂ ಬೆಲೆ ಕೂಗುವುದಿಲ್ಲ. ಸ್ಕಾಲರ್ ನಮ್ಮ ಮುಂದೆ ಸುರಿಯುವುದು ಅಂಥದೇ ಗುಡ್ಡೆಯನ್ನು. ತಜ್ಞರ ಪರಿಶೀಲನೆಗೆ ಒಳಗಾದ ಲೇಖನ, ಇನ್ನೂ ಪರಿಶೀಲನೆಗೆ ಹೋಗದ ಪ್ರೀಪ್ರಿಂಟ್, ಸ್ನಾತಕೋತ್ತರ ಪದವಿಯ ಪ್ರಬಂಧ, ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ನ ಬರಹ, ಎಲ್ಲವೂ ಒಂದೇ ಬಗೆಯ ಅಕ್ಷರದಲ್ಲಿ ಒಂದರ ಕೆಳಗೊಂದು ನಿಲ್ಲುತ್ತವೆ. ಹೆಚ್ಚು ಉಲ್ಲೇಖ ಗಳಿಸಿದ್ದು ಮೇಲಕ್ಕೇರುವುದರಿಂದ ಹಳೆಯ ಲೇಖನಗಳಿಗೆ ಅನುಕೂಲ, ಹೊಸದಕ್ಕೆ ಅನನುಕೂಲ. ಲಕ್ಷಗಟ್ಟಲೆ ಫಲಿತಾಂಶಗಳಿವೆ ಎಂದು ತಲೆಬರಹದಲ್ಲಿ ಬರೆದಿದ್ದರೂ ಒಂದು ಹುಡುಕಾಟಕ್ಕೆ ಸಾವಿರಕ್ಕಿಂತ ಹೆಚ್ಚನ್ನು ಅದು ತೋರಿಸುವುದೇ ಇಲ್ಲ. ಯಾವ ಜರ್ನಲ್ ಸರಿ, ಯಾವುದು ಅಲ್ಲ ಎಂದು ತಿಳಿಯಲು ನಮ್ಮ ಅಧ್ಯಾಪಕರು ನೆಚ್ಚಿಕೊಂಡಿದ್ದ ಯುಜಿಸಿ-ಕೇರ್ ಪಟ್ಟಿಯನ್ನು ಯುಜಿಸಿ 2025ರಲ್ಲಿ ಕೈಬಿಟ್ಟು, ಆಯ್ಕೆಯ ಹೊಣೆಯನ್ನು ಆಯಾ ಸಂಸ್ಥೆಗಳಿಗೇ ವಹಿಸಿದೆ. ಹಾಗಾಗಿ ವಿಂಗಡಣೆಯಿಲ್ಲದ ಪಟ್ಟಿಯನ್ನು ಓದುವ ಕೌಶಲ ಈಗ ಹಿಂದಿಗಿಂತ ಹೆಚ್ಚು ಬೇಕಾಗಿದೆ.

ಭೌತಶಾಸ್ತ್ರದವರಿಗೆ ಈ ಕೊರತೆ ಅಷ್ಟಾಗಿ ತಟ್ಟುವುದಿಲ್ಲ, ಏಕೆಂದರೆ ಅವರಿಗೆ ಆರ್ಕೈವ್ ಇದೆ. ಪಾಲ್ ಗಿನ್ಸ್‌ಪಾರ್ಗ್ ಅವರು 1991ರ ಆಗಸ್ಟ್‌ನಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಆರಂಭಿಸಿದ, 2001ರಿಂದ ಕಾರ್ನೆಲ್ ವಿಶ್ವವಿದ್ಯಾಲಯದ ಆಶ್ರಯದಲ್ಲಿರುವ ಈ ಭಂಡಾರದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. ಅಲ್ಲಿ ಕಂಡದ್ದೆಲ್ಲವನ್ನೂ ಕೊನೆಯ ಪುಟದವರೆಗೆ ಓದಬಹುದು. ಸಾರಾಂಶ ತೋರಿಸಿ ಬಾಗಿಲು ಹಾಕುವ ಪದ್ಧತಿ ಅಲ್ಲಿಲ್ಲ. ಸಾರಾಂಶದ ಪುಟ ಬಹಳ ಹಗುರವಾಗಿರುವುದರಿಂದ ಹೊಸನಗರ, ಆಗುಂಬೆಯ ಕಡೆ ಮಳೆಗಾಲದ ದುರ್ಬಲ ಸಿಗ್ನಲ್‌ನಲ್ಲಿಯೂ ಅದು ತೆರೆದುಕೊಳ್ಳುತ್ತದೆ. ದೊಡ್ಡ ಪ್ರಕಾಶಕರ ಪುಟಗಳಿಂದ ಅದನ್ನು ನಿರೀಕ್ಷಿಸುವಂತಿಲ್ಲ. 2023ರ ಡಿಸೆಂಬರ್‌ನಿಂದ ಹೊಸ ಲೇಖನಗಳನ್ನು ಪಿಡಿಎಫ್ ಜೊತೆಗೆ ಎಚ್‌ಟಿಎಂಎಲ್ ರೂಪದಲ್ಲಿಯೂ ಕೊಡುತ್ತಿರುವುದರಿಂದ ಮೊಬೈಲ್ ಪರದೆಯಲ್ಲಿ ಸಮೀಕರಣಗಳನ್ನು ಹಿಗ್ಗಿಸಿ ಕುಗ್ಗಿಸಿ ಓದುವ ಕಷ್ಟವೂ ಕಡಿಮೆಯಾಗಿದೆ. ಬಹುಪಾಲು ಲೇಖನಗಳ ಲೇಟೆಕ್ (ಸಮೀಕರಣಗಳುಳ್ಳ ಬರಹವನ್ನು ಅಚ್ಚುಕಟ್ಟಾಗಿ ಜೋಡಿಸುವ ತಂತ್ರಾಂಶ) ಮೂಲಕಡತವನ್ನೂ ಇಳಿಸಿಕೊಳ್ಳಬಹುದು. ಮಹಾಪ್ರಬಂಧ ಬರೆಯಲು ಕುಳಿತವರಿಗೆ ಸಮೀಕರಣ ಜೋಡಿಸುವ ಪಾಠ ಅದರಿಂದಲೇ ಸಿಗುತ್ತದೆ.

ಆರ್ಕೈವ್‌ನಲ್ಲಿ ಸೇರಿಸುವ ಮೊದಲು ಲೇಖನ ಆಯಾ ವಿಷಯಕ್ಕೆ ಸಂಬಂಧಿಸಿದ್ದೇ ಎಂದು ನೋಡುತ್ತಾರೆಯೇ ಹೊರತು ಅದರ ತೀರ್ಮಾನ ಸರಿಯೇ ಎಂದು ಪರಿಶೀಲಿಸುವುದಿಲ್ಲ. ಇದರ ಅಪಾಯವನ್ನೂ, ಅದಕ್ಕೆ ಅಲ್ಲಿಯೇ ಇರುವ ಮದ್ದನ್ನೂ ಒಟ್ಟಿಗೆ ತೋರಿಸುವ ಉದಾಹರಣೆಯೆಂದರೆ ಒಪೆರಾ ಪ್ರಯೋಗದ ಲೇಖನ. ಜಿನೀವಾ ಬಳಿಯ ಕಣಭೌತಶಾಸ್ತ್ರ ಕೇಂದ್ರವಾದ ಸರ್ನ್‌ನಿಂದ ಸುಮಾರು 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯಕ್ಕೆ ಹೊರಟ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡ್ ಮೊದಲೇ ತಲುಪಿದವೆಂದು 2011ರ ಸೆಪ್ಟೆಂಬರ್‌ನಲ್ಲಿ ಅದು ವರದಿ ಮಾಡಿತ್ತು. ಸರಿಯಾಗಿ ಕೂಡಿಸದ ಆಪ್ಟಿಕಲ್ ಫೈಬರ್ ಕೇಬಲ್ ಒಂದು ಈ ಲೆಕ್ಕ ತಪ್ಪಲು ಮುಖ್ಯ ಕಾರಣವೆಂದು ಮುಂದಿನ ವರ್ಷ ಗೊತ್ತಾಯಿತು. 2012ರ ಪರಿಷ್ಕೃತ ಆವೃತ್ತಿ ಹಾಗೂ ಮೊದಲಿನ ಆವೃತ್ತಿಗಳು ಆರ್ಕೈವ್‌ನ ಒಂದೇ ಪುಟದಲ್ಲಿ ದಿನಾಂಕದೊಂದಿಗೆ ಇಂದಿಗೂ ಇವೆ, ಅಳಿಸಿಹಾಕಿಲ್ಲ. ಆದ್ದರಿಂದ ಲೇಖನದ ಕೊನೆಯ ಆವೃತ್ತಿ ಯಾವುದೆಂದು ನೋಡದೆ ಉಲ್ಲೇಖಿಸಬಾರದೆಂಬ ಮಾತನ್ನು ಭೌತಶಾಸ್ತ್ರದ ಗೈಡ್‌ಗಳು ಮೊದಲ ದಿನವೇ ಹೇಳಿಕೊಡಬೇಕು. ಮತ್ತೊಂದು ಬದಿಯಲ್ಲಿ, ಗಣಿತದ ಪ್ರಸಿದ್ಧ ಸಮಸ್ಯೆಯಾದ ಪಾಯಿಂಕರೆ ಊಹೆಯನ್ನು ಸಾಧಿಸಿದ ಗ್ರಿಗೊರಿ ಪೆರೆಲ್ಮನ್ 2002 ಮತ್ತು 2003ರಲ್ಲಿ ತಮ್ಮ ಮೂರು ಲೇಖನಗಳನ್ನು ಆರ್ಕೈವ್‌ನಲ್ಲಿ ಇಟ್ಟು ಸುಮ್ಮನಾದರು, ಯಾವ ಜರ್ನಲ್‌ಗೂ ಕಳಿಸಲಿಲ್ಲ. ಪರಿಶೀಲನೆಯ ಮುದ್ರೆ ಇಲ್ಲದ್ದೆಲ್ಲ ಜೊಳ್ಳಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕಂಪ್ಯೂಟರ್ ವಿಜ್ಞಾನದವರ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಅವರಲ್ಲಿ ಜರ್ನಲ್‌ಗಿಂತ ಸಮ್ಮೇಳನದ ಲೇಖನಕ್ಕೆ ಮರ್ಯಾದೆ ಹೆಚ್ಚು. ಯಾವ ಸಮ್ಮೇಳನದಲ್ಲಿ ಯಾವ ವರ್ಷ ಬಂದದ್ದೆಂದು ಖಚಿತಪಡಿಸಿಕೊಳ್ಳಲು 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಡಿಬಿಎಲ್‌ಪಿ ಸೂಚಿ ಸಾಕು. ಪ್ರಾಜೆಕ್ಟ್ ವರದಿಗಳ ಕೊನೆಯಲ್ಲಿ ಈಚೆಗೆ ಸೇರಿಕೊಳ್ಳುತ್ತಿರುವ, ಚಾಟ್‌ಬಾಟ್ ಹೆಣೆದುಕೊಟ್ಟ ಇಲ್ಲದ ಲೇಖನಗಳನ್ನು ಹಿಡಿಯಲೂ ಅಧ್ಯಾಪಕರಿಗೆ ಅದು ಒದಗುತ್ತದೆ. ಈ ವಿಷಯದಲ್ಲಿ ಯಂತ್ರ ಬರೆದ ಸಮೀಕ್ಷಾ ಲೇಖನಗಳ ಪ್ರವಾಹ ಎಷ್ಟಾಯಿತೆಂದರೆ, 2025ರ ಅಕ್ಟೋಬರ್ ಕೊನೆಯಲ್ಲಿ ಆರ್ಕೈವ್ ತನ್ನ ಕಂಪ್ಯೂಟರ್ ವಿಜ್ಞಾನ ವಿಭಾಗದಲ್ಲಿ ಸಮೀಕ್ಷಾ ಲೇಖನಗಳನ್ನು ಬೇರೆಡೆ ತಜ್ಞರ ಪರಿಶೀಲನೆ ಮುಗಿದ ಮೇಲೆಯೇ ಸ್ವೀಕರಿಸುವುದಾಗಿ ಪ್ರಕಟಿಸಬೇಕಾಯಿತು.

ಸ್ಕಾಲರ್‌ನ ಕೊರತೆ ನಿಜಕ್ಕೂ ಹಾನಿಕರವಾಗುವುದು ಕ್ರೀಡಾಗಾಯದ ವಿಷಯದಲ್ಲಿ, ಏಕೆಂದರೆ ಅಲ್ಲಿ ಓದಿದ್ದನ್ನು ಮರುದಿನವೇ ಮಕ್ಕಳ ಕಾಲಿನ ಮೇಲೆ ಪ್ರಯೋಗಿಸುವವರಿದ್ದಾರೆ. ಉಳುಕಿಗೆ ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲು ಎತ್ತರಿಸುವಿಕೆ ಎಂಬ ನಾಲ್ಕು ಸೂತ್ರಗಳಿಗೆ ರೈಸ್ ಎಂಬ ಹೆಸರನ್ನು 1978ರಲ್ಲಿ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ ಮುಂದೆ, ಮಂಜುಗಡ್ಡೆಯೂ ಸಂಪೂರ್ಣ ವಿಶ್ರಾಂತಿಯೂ ಗುಣವಾಗುವುದನ್ನು ನಿಧಾನಗೊಳಿಸಬಹುದೆಂದು ತಮ್ಮ ನಿಲುವನ್ನು ಬದಲಿಸಿದರು. ಹಳೆಯದನ್ನು ಮೇಲಿಡುವ ಪಟ್ಟಿಯಲ್ಲಿ ಈ ಬದಲಾವಣೆ ಕಣ್ಣಿಗೆ ಬೀಳುವುದು ತಡವಾಗಿ. ರೈಸ್‌ಗೆ ಬದಲಾಗಿ ಬಂದ, ಪೀಸ್ ಮತ್ತು ಲವ್ ಎಂದು ಕರೆಯಲಾಗುವ ಸೂತ್ರ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಬಂದು ಜಗತ್ತಿನಾದ್ಯಂತ ಹರಡಿದೆ. ಆದರೆ ಅದು ಎರಡು ಪುಟದ ಸಂಪಾದಕೀಯ ಬರಹ, ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲ. ಉಲ್ಲೇಖಗಳ ಸಂಖ್ಯೆಯನ್ನಷ್ಟೇ ನೋಡಿದವರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಪಬ್‌ಮೆಡ್ ಇದನ್ನು ತಿಳಿಸುತ್ತದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1996ರಿಂದ ನಡೆಸುತ್ತಿರುವ ಈ ಸೂಚಿಯಲ್ಲಿ ಮೂರೂವರೆ ಕೋಟಿಗೂ ಹೆಚ್ಚು ನಮೂದುಗಳಿವೆ. ಲೇಖನ ಎಂಥದೆಂಬುದನ್ನು, ಅಂದರೆ ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ ನಡೆಸಿದ ಯಾದೃಚ್ಛಿಕ ಪರೀಕ್ಷೆಯೇ, ಹಲವು ಅಧ್ಯಯನಗಳ ಕ್ರಮಬದ್ಧ ಸಮೀಕ್ಷೆಯೇ, ಬರೀ ಅಭಿಪ್ರಾಯವೇ ಎಂಬುದನ್ನು ಪಬ್‌ಮೆಡ್ ಗುರುತಿಸಿಡುತ್ತದೆ. ಎಡಬದಿಯಲ್ಲಿ ಗುರುತು ಹಾಕಿದರೆ ಬೇಕಾದ ಬಗೆಯವನ್ನು ಮಾತ್ರ ತೋರಿಸುತ್ತದೆ. ಹಿಂತೆಗೆದುಕೊಂಡ ಲೇಖನವಾಗಿದ್ದರೆ ಪುಟದ ಮೇಲೆಯೇ ಎಚ್ಚರಿಕೆ ಕಾಣುತ್ತದೆ. ಉದಾಹರಣೆಗೆ, ಫುಟ್‌ಬಾಲ್ ಆಟಗಾರ್ತಿಯರ ಗಾಯ ತಡೆಯಲು ರೂಪಿಸಿದ ಅಭ್ಯಾಸಪೂರ್ವ ವ್ಯಾಯಾಮವನ್ನು ನಾರ್ವೆಯಲ್ಲಿ 13ರಿಂದ 17 ವರ್ಷದ 1,892 ಹುಡುಗಿಯರ ನಡುವೆ ಪರೀಕ್ಷಿಸಿ 2008ರಲ್ಲಿ ಬಿಎಂಜೆ ಎಂಬ ಬ್ರಿಟಿಷ್ ವೈದ್ಯಕೀಯ ಜರ್ನಲ್‌ನಲ್ಲಿ ಪ್ರಕಟಿಸಿದ ಲೇಖನವನ್ನು ಅಲ್ಲಿಂದ ಉಚಿತವಾಗಿ ಪೂರ್ತಿ ಓದಬಹುದು. ಒಟ್ಟು ಗಾಯಗಳೂ ತೀವ್ರ ಗಾಯಗಳೂ ಕಡಿಮೆಯಾದವು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಆ ಪರೀಕ್ಷೆ ಮುಖ್ಯವಾಗಿ ಅಳೆಯಲು ಹೊರಟ ಕಾಲಿನ ಗಾಯಗಳ ಇಳಿಕೆ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವೆನ್ನುವ ಮಟ್ಟ ಮುಟ್ಟಲಿಲ್ಲವೆಂಬುದನ್ನು ಲೇಖಕರೇ ಪ್ರಾಮಾಣಿಕವಾಗಿ ಬರೆದಿದ್ದಾರೆ. ಇಪ್ಪತ್ತು ನಿಮಿಷದ ಆ ವ್ಯಾಯಾಮವನ್ನು ನಮ್ಮ ಶಾಲೆಗಳಲ್ಲಿ ಮಾಡಿಸಬಾರದೆಂದು ಇದರ ಅರ್ಥವಲ್ಲ, ಮಾಡಿಸಬೇಕೆಂದೇ ನನ್ನ ಅಭಿಪ್ರಾಯ. ಪಬ್‌ಮೆಡ್‌ಗೂ ಮಿತಿಯಿದೆ. ಫುಟ್‌ಬಾಲ್ ಎಂದು ಹುಡುಕಿದರೆ ಸಾವಿರಾರು ಲೇಖನಗಳು ಬರುವ ಜಾಗದಲ್ಲಿ ಕಬಡ್ಡಿ, ಖೋ-ಖೋ ಎಂದರೆ ಬರುವುದು ಅತ್ಯಲ್ಪ. ರೈಡರ್‌ನ ಪಾದದ ಗಂಟನ್ನು ಹಿಡಿದೆಳೆಯುವ ಆಟದ ಗಾಯವನ್ನು ಚೆಂಡೊದೆಯುವ ಆಟದ ಲೇಖನದಿಂದ ಊಹಿಸಬೇಕಾದ ಸ್ಥಿತಿ ಸದ್ಯಕ್ಕೆ ಮುಂದುವರಿಯುತ್ತದೆ.

ಶಿಕ್ಷಣ ವಿಷಯಕ್ಕೆ ಅಮೆರಿಕದ ಶಿಕ್ಷಣ ಇಲಾಖೆಯ ಎರಿಕ್ ಎಂಬ ಸೂಚಿಯಿದೆ. ಅದರಲ್ಲಿ ಇಡಿ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಯ ವರದಿಗಳು ಬಹುಪಾಲು ಉಚಿತವಾಗಿ ಸಿಗುತ್ತವೆ, ಇಜೆ ಎಂದಿರುವ ಜರ್ನಲ್ ಲೇಖನಗಳು ಸಾಮಾನ್ಯವಾಗಿ ಸಾರಾಂಶಕ್ಕೇ ನಿಲ್ಲುತ್ತವೆ. ಪಾಠ ಒಪ್ಪಿಸುವ ತರಗತಿಗಿಂತ ವಿದ್ಯಾರ್ಥಿಗಳು ಚರ್ಚಿಸಿ ಉತ್ತರಿಸುವ ತರಗತಿಗಳಲ್ಲಿ ಬಲ, ಚಲನೆಯ ಪರಿಕಲ್ಪನೆಗಳು ಸುಮಾರು ಎರಡು ಪಟ್ಟು ಚೆನ್ನಾಗಿ ಕುಳಿತವೆಂದು 62 ಕೋರ್ಸುಗಳ 6,542 ವಿದ್ಯಾರ್ಥಿಗಳ ಅಂಕಿಅಂಶದಿಂದ ತೋರಿಸಿದ ರಿಚರ್ಡ್ ಹೇಕ್ ಅವರ 1998ರ ಲೇಖನ ಭೌತಶಾಸ್ತ್ರದ ಅಧ್ಯಾಪಕರಿಗೂ ಬಿ.ಎಡ್. ವಿದ್ಯಾರ್ಥಿಗಳಿಗೂ ಸಮಾನವಾಗಿ ಬೇಕಾದದ್ದು. ಇಂಥ ಎರಡು ವಿಷಯಗಳ ಗಡಿಯಲ್ಲಿರುವ ಲೇಖನವನ್ನು ಹಿಡಿಯುವಲ್ಲಿ ಮಾತ್ರ ಸ್ಕಾಲರ್ ಮಿಕ್ಕೆಲ್ಲವನ್ನೂ ಹಿಂದಿಕ್ಕುತ್ತದೆ.

ಆದರೆ ನಮ್ಮ ಶಾಲೆಗಳ ಬಗ್ಗೆ ತಿಳಿಯಬೇಕಾದರೆ ಎರಿಕ್‌ನಿಂದ ಪ್ರಯೋಜನ ಕಡಿಮೆ, ಶೋಧಗಂಗಾಕ್ಕೇ ಹೋಗಬೇಕು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳಿವೆ, ಕನ್ನಡದಲ್ಲಿ ಬರೆದವೂ ಇವೆ, ಎಲ್ಲವೂ ಉಚಿತ. ಅಧ್ಯಾಯಕ್ಕೊಂದರಂತೆ ಬಿಡಿಬಿಡಿ ಪಿಡಿಎಫ್ ಇಟ್ಟಿರುವುದರಿಂದ ಒಂದು ಪ್ರಬಂಧ ಓದಲು ಹತ್ತು ಹದಿನೈದು ಕಡತಗಳನ್ನು ತೆರೆಯಬೇಕಾಗುತ್ತದೆ; ಇದನ್ನು ಸಹಿಸಬಹುದು. ಸಹಿಸಲಾಗದ್ದು ಅಕ್ಷರಗಳ ಸಮಸ್ಯೆ. ಯೂನಿಕೋಡ್ ಬಳಕೆಗೆ ಬರುವ ಮೊದಲು, ಬಂದ ಮೇಲೆಯೂ ಎಷ್ಟೋ ವರ್ಷ, ಕನ್ನಡ ಪ್ರಬಂಧಗಳನ್ನು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿಸುತ್ತಿದ್ದರು. ಅಂಥ ಪಿಡಿಎಫ್ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ಅಕ್ಷರಗಳ ಸಾಲು. ಒಳಗಿನ ಪಠ್ಯವನ್ನು ಶೋಧಗಂಗಾವೂ ಹುಡುಕಿಕೊಡದು, ಸ್ಕಾಲರ್ ಸಹ ಹುಡುಕಿಕೊಡದು. ಆದ್ದರಿಂದ ಕನ್ನಡ ಪ್ರಬಂಧಗಳನ್ನು ಹುಡುಕುವವರು ಒಳಪಠ್ಯದ ಪದಗಳನ್ನು ಬಿಟ್ಟು ವಿಶ್ವವಿದ್ಯಾಲಯ, ವಿಭಾಗ, ಮಾರ್ಗದರ್ಶಕರ ಹೆಸರು ಎಂಬ ಕ್ರಮದಲ್ಲಿ ಹೋಗುವುದೇ ಲೇಸು. ಶೀರ್ಷಿಕೆಯನ್ನು ಇಂಗ್ಲಿಷ್ ಲಿಪಿಯಲ್ಲಿ ನಮೂದಿಸಿರುವುದೂ ಉಂಟಾದ್ದರಿಂದ ಎರಡೂ ಲಿಪಿಗಳಲ್ಲಿ ಪ್ರಯತ್ನಿಸಬೇಕು.

ಹುಡುಕಿ ಸಿಕ್ಕಿದ್ದನ್ನು ಓದಲು ಬಿಡುವವರಾರು ಎಂಬ ಪ್ರಶ್ನೆ ಉಳಿಯುತ್ತದೆ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಿಂದ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ವೆಚ್ಚದಲ್ಲಿ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಸಂಸ್ಥೆಗಳಿಗೆ ತೆರೆದುಕೊಂಡಿವೆ. ಸರ್ಕಾರಿ ವಿಶ್ವವಿದ್ಯಾಲಯದ, ಕಾಲೇಜಿನ ಅಭ್ಯರ್ಥಿ ತನ್ನ ಸಂಸ್ಥೆಯ ಲಾಗಿನ್‌ನಿಂದ ಮನೆಯಲ್ಲೇ ಓದಲು ಸಾಧ್ಯವೇ ಎಂದು ಗ್ರಂಥಪಾಲಕರನ್ನು ಮೊದಲು ಕೇಳಬೇಕು. ಖಾಸಗಿ ಎಂಜಿನಿಯರಿಂಗ್ ಮತ್ತು ಬಿ.ಎಡ್. ಕಾಲೇಜುಗಳವರು ಈ ಯೋಜನೆಯ ಹೊರಗಿದ್ದಾರೆ. ಅವರಿಗೆ ಸ್ಕಾಲರ್‌ನ ಬಲಬದಿಯ ಪಿಡಿಎಫ್ ಕೊಂಡಿಯೇ ಗತಿ, ಅದೂ ಇಲ್ಲದಿದ್ದರೆ ಲೇಖಕರಿಗೇ ವಿನಯದಿಂದ ಒಂದು ಇಮೇಲ್ ಬರೆಯಬೇಕು. ಕೇಳಿದವರಿಗೆ ಪ್ರತಿ ಕಳಿಸಲು ಹೆಚ್ಚಿನ ಲೇಖಕರು ಹಿಂಜರಿಯುವುದಿಲ್ಲ. ಪ್ರೌಢಶಾಲೆಯ ದೈಹಿಕ ಶಿಕ್ಷಕರು ಯಾವ ಪಟ್ಟಿಯಲ್ಲಿಯೂ ಇಲ್ಲ. ಅವರು ಪಬ್‌ಮೆಡ್‌ನಲ್ಲಿ ಉಚಿತ ಪೂರ್ಣಪಾಠದ ಗುರುತು ಹಾಕಿಕೊಂಡು ಹುಡುಕುವುದು ಒಳಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಹಣದಿಂದ ನಡೆದ ಸಂಶೋಧನೆಯ ಲೇಖನಗಳು ಮೊದಲು ವರ್ಷದವರೆಗೂ ಬೀಗದೊಳಗೆ ಇರುತ್ತಿದ್ದವು. 2025ರ ಜುಲೈ 1ರಿಂದ ಸ್ವೀಕೃತವಾದವು ಪ್ರಕಟವಾದ ದಿನವೇ ಅಲ್ಲಿ ಓದಲು ಸಿಗಬೇಕೆಂಬ ನಿಯಮ ಬಂದಿದೆ.